ಅರ್ಜಿಯ ಆ ಎರಡು ಸಾಲು



ಕೆಲವು ವರ್ಷಗಳ ಹಿಂದಿನ ಮಾತು. ಯಲ್ಲದಕೆರೆಯ ಒಬ್ಬ ತಂದೆ ಆರು ವರ್ಷದ ಮಗಳ ಕೈಹಿಡಿದು ನಮ್ಮ ಗುರುನಿವಾಸಕ್ಕೆ ಬಂದಿದ್ದರು. ಹಿರಿಯೂರಿನ ಮಂಡಿಯಲ್ಲಿ ಮೂಟೆ ಹೊರುವ ಕೆಲಸ ಅವರದು. ನಮ್ಮ ಧರ್ಮದವರಲ್ಲ. ಕೈಯಲ್ಲಿ ಶಾಲೆಯೊಂದರ ಪ್ರವೇಶದ ಅರ್ಜಿ ಇತ್ತು, ತುಂಬಿಕೊಡಬೇಕಿತ್ತು.

ಮಗುವಿನ ಹೆಸರು, ಹುಟ್ಟಿದ ದಿನ ಬರೆದೆ. ಅದರ ಕೆಳಗೆ ಎರಡು ಸಾಲು: ತಂದೆಯ ವಿದ್ಯಾರ್ಹತೆ, ತಾಯಿಯ ವಿದ್ಯಾರ್ಹತೆ. ನಾನು ತಲೆ ಎತ್ತಿ ನೋಡಿದೆ.

"ನಾನು ಇಸ್ಕೂಲಿನ ಕಟ್ಟೆ ಹತ್ತಿದೋನಲ್ಲ ಸ್ವಾಮಿ. ಅವಳೂ ಅಷ್ಟೇ. ಅದ್ನೇ ಬರ್ಕಳ್ಳಿ" ಎಂದರು. ಸ್ವಲ್ಪ ತಡೆದು, "ಅದ್ನ ಯಾಕೆ ಕೇಳ್ತಾರೆ? ಓದೋದು ಇವಳಲ್ವಾ?" ಎಂದರು.

ನನ್ನ ಬಳಿ ಉತ್ತರವಿತ್ತು, ಹೇಳಲಿಲ್ಲ. ಶಾಲೆ ನಮ್ಮವರೇ ನಡೆಸುವಂಥದ್ದು, ಹೆಸರು ಬೇಡ. ಆ ಮಗುವಿಗೆ ಅಲ್ಲಿ ಸ್ಥಳ ಸಿಗಲಿಲ್ಲ. ಅವರನ್ನು ದೂರುವ ಮುನ್ನ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಅದಕ್ಕೂ ಹಿಂದೆ, ಬೇರೊಂದು ಊರಿನಲ್ಲಿ, ಇಂಥದೇ ಮೇಜಿನ ಆಚೆ ಬದಿಯಲ್ಲಿ ನಾನೂ ಕುಳಿತಿದ್ದೆ. ತಾಯಂದಿರನ್ನು ಇಂಗ್ಲಿಷಿನಲ್ಲಿ ಮಾತನಾಡಿಸಿ, ತಡವರಿಸಿದವರ ಅರ್ಜಿಯನ್ನು ಇನ್ನೊಂದು ಕಟ್ಟಿಗೆ ಸೇರಿಸಿದ್ದೆ. ಆಗ ಅದು ಪಾಪವೆಂದು ತೋರಲಿಲ್ಲ. ಮನೆಯಲ್ಲಿ ಹೇಳಿಕೊಡುವವರಿದ್ದರೆ ಮಗು ಚೆನ್ನಾಗಿ ಓದುತ್ತದೆ, ಫಲಿತಾಂಶ ಚೆನ್ನಾಗಿ ಬರುತ್ತದೆ ಎಂಬುದು ನಮ್ಮ ಲೆಕ್ಕ. ಲೆಕ್ಕವೇನೋ ಸರಿಯೇ. ಹಾಗಿದ್ದರೆ ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗುವಿಗಲ್ಲವೇ ಶಾಲೆ ಹೆಚ್ಚು ಬೇಕಾದದ್ದು?

ಇದೇ ಪ್ರಶ್ನೆಯನ್ನು ನಜರೇತಿನವರೂ ಕೇಳಿದ್ದರು. ಸಂತ ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯವನ್ನು ತೆಗೆದು ನೋಡಿ. ಯೇಸುಸ್ವಾಮಿ ಸ್ವಂತ ಊರಿನ ಪ್ರಾರ್ಥನಾಮಂದಿರದಲ್ಲಿ ಬೋಧಿಸಿದಾಗ ಜನ ಬೆರಗಾದರು. ಆದರೆ ಬೆರಗು ನಂಬಿಕೆಯಾಗಲಿಲ್ಲ. ಈತ ಬಡಗಿಯಲ್ಲವೇ, ಮರಿಯಳ ಮಗನಲ್ಲವೇ ಎಂದು ಅವರು ಮನೆತನ ವಿಚಾರಿಸತೊಡಗಿದರು. ಜೆರುಸಲೇಮಿನಲ್ಲಿಯೂ, ಶಾಸ್ತ್ರಾಭ್ಯಾಸ ಮಾಡದ ಈತನಿಗೆ ಇಷ್ಟು ತಿಳಿವಳಿಕೆ ಎಲ್ಲಿಂದ ಬಂತೆಂದು ಜನ ಆಶ್ಚರ್ಯಪಟ್ಟರು ಎನ್ನುತ್ತಾನೆ ಸಂತ ಯೊವಾನ್ನ, ಏಳನೆಯ ಅಧ್ಯಾಯದಲ್ಲಿ. ಅಂದರೆ ನಮ್ಮ ಅರ್ಜಿಯ ಆ ಎರಡು ಸಾಲು ಅಂದೂ ಇದ್ದವು. ನಜರೇತಿನಲ್ಲಿ ಪ್ರಭು ಹೆಚ್ಚು ಅದ್ಭುತಗಳನ್ನು ಮಾಡಲಾಗಲಿಲ್ಲ ಎಂದು ಮಾರ್ಕನು ಬರೆಯುತ್ತಾನೆ. ನಷ್ಟವಾದದ್ದು ಊರಿಗೆ.

ಆದರೂ ನಜರೇತಿನ ಆ ಮನೆಯನ್ನು ಬರಿಗೈಯ ಮನೆ ಎನ್ನಲಾಗದು. ಬಡತನವಿತ್ತು, ಕಸುಬಿತ್ತು. ಪ್ರವಾದಿ ಯೆಶಾಯನ ಸುರುಳಿಯನ್ನು ಬಿಚ್ಚಿ ಯೇಸು ಓದಿದರೆಂದು ಸಂತ ಲೂಕನು ಬರೆದಿದ್ದಾನೆ. ಓದು ಯಾರೋ ಕಲಿಸಿದ್ದರು. ಹನ್ನೆರಡರ ವಯಸ್ಸಿನಲ್ಲಿ ದೇವಾಲಯದ ಪಂಡಿತರ ನಡುವೆ ಕುಳಿತು ಪ್ರಶ್ನೆ ಕೇಳಲು ಆ ಬಾಲಕನಿಗೆ ಅವಕಾಶ ದೊರೆಯಿತು. ಬಡಗಿಯ ಮಗ ಎಂದು ಆ ಪಂಡಿತರು ಎಬ್ಬಿಸಿ ಕಳಿಸಲಿಲ್ಲ.

ಇಟಲಿಯಲ್ಲಿ ಲೊರೆಂಜೊ ಮಿಲಾನಿ ಎಂಬ ಗುರುಗಳಿದ್ದರು. ಫ್ಲಾರೆನ್ಸಿನ ಸಿರಿವಂತ, ವಿದ್ಯಾವಂತ ಮನೆತನದಲ್ಲಿ ಹುಟ್ಟಿದವರು. 1954ರಲ್ಲಿ ಅವರನ್ನು ಬಾರ್ಬಿಯಾನ ಎಂಬ ಬೆಟ್ಟದ ಮೇಲಿನ ಪುಟ್ಟ ಧರ್ಮಕೇಂದ್ರಕ್ಕೆ ಕಳುಹಿಸಲಾಯಿತು. ಅಲ್ಲಿನವರು ಬಡ ರೈತರು. ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ನಪಾಸಾಗಿ ಮನೆ ಸೇರಿದ್ದವರು. ಗುರುನಿವಾಸದಲ್ಲೇ ಅವರಿಗಾಗಿ ಶಾಲೆ ಆರಂಭಿಸಿದರು. ವರ್ಷದ ಅಷ್ಟೂ ದಿನ ಪಾಠ, ರಜೆಯಿಲ್ಲ. (ನಮ್ಮ ಮಕ್ಕಳು ಇದನ್ನು ಓದದಿರಲಿ!) 1967ರಲ್ಲಿ ಆ ಹುಡುಗರೇ ಕೂಡಿ, ತಮ್ಮಂಥವರನ್ನು ನಪಾಸು ಮಾಡಿದ ಶಿಕ್ಷಕಿಗೊಂದು ಪತ್ರದ ರೂಪದಲ್ಲಿ ಪುಸ್ತಕ ಬರೆದರು. ಅದರಲ್ಲಿ ಇಬ್ಬರು ಹುಡುಗರು ಬರುತ್ತಾರೆ. ಒಬ್ಬ ವೈದ್ಯನ ಮಗ. ಶಾಲೆಗೆ ಸೇರುವ ಮೊದಲೇ ಓದು ಬರಹ ಬಲ್ಲ. ಇನ್ನೊಬ್ಬ ಬಡವರ ಹುಡುಗ. ಶಾಲೆಯ ಭಾಷೆಯೇ ಅವನ ಮನೆಯಲ್ಲಿಲ್ಲ. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು, ಒಂದೇ ಅಳತೆಗೋಲಿನಿಂದ ಅಳೆದು, ಅದನ್ನೇ ನ್ಯಾಯವೆಂದು ಕರೆಯುತ್ತೀರಲ್ಲ ಎಂಬುದು ಅವರ ತಕರಾರು. ಅದೇ ವರ್ಷ ಜೂನ್ ತಿಂಗಳಲ್ಲಿ, 44ರ ವಯಸ್ಸಿನಲ್ಲಿ, ಮಿಲಾನಿ ತೀರಿಕೊಂಡರು. ಬದುಕಿದ್ದಾಗ ಮೇಲಿನವರಿಂದ ಅವರಿಗೆ ಮೆಚ್ಚುಗೆ ಸಿಕ್ಕದ್ದು ಕಡಿಮೆ. ಐವತ್ತು ವರ್ಷಗಳ ನಂತರ, 2017ರ ಜೂನ್ 20ರಂದು, ಜಗದ್ಗುರು ಫ್ರಾನ್ಸಿಸರು ಬಾರ್ಬಿಯಾನಕ್ಕೆ ಹೋಗಿ ಅವರ ಸಮಾಧಿಯ ಬಳಿ ಪ್ರಾರ್ಥಿಸಿದರು.

"ಓದುವ ಹುಡುಗ ಬೀದಿದೀಪದಲ್ಲೂ ಓದುತ್ತಾನೆ ಫಾದರ್" ಎಂದು ನಮ್ಮಲ್ಲಿ ಹಲವರು ವಾದಿಸುತ್ತಾರೆ. ನಮ್ಮ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರ ಉದಾಹರಣೆಯನ್ನೂ ಕೊಡುತ್ತಾರೆ. ನಿಜ, 1902ರಲ್ಲಿ ಹಳ್ಳಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ವಕೀಲರಾಗಿ, ಮುಖ್ಯಮಂತ್ರಿಯಾದವರು. ಆದರೆ ಒಬ್ಬರು ದಾಟಿದರೆಂದು ಹೊಳೆಗೆ ಸೇತುವೆ ಬೇಡವೆನ್ನಲಾದೀತೇ? ಹೀಗೆ ಮೇಲೆ ಬಂದವರನ್ನು ವಿಚಾರಿಸಿ ನೋಡಿ. ಅನ್ನ ಹಾಕಿದ ಒಂದು ಮನೆ, ಮಲಗಲು ಜಾಗ ಕೊಟ್ಟ ಒಂದು ಹಾಸ್ಟೆಲು, ಕರೆದು ಕೂರಿಸಿದ ಒಬ್ಬ ಮೇಷ್ಟ್ರು ಸಿಕ್ಕೇ ಸಿಗುತ್ತಾರೆ. ಹಿರಿಯೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲೇ ತುಮಕೂರಿನ ಸಿದ್ಧಗಂಗೆ ಇದೆ. 2019ರಲ್ಲಿ, 111ರ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಅಲ್ಲಿ ಮಾಡಿದ್ದೂ ಇಷ್ಟೇ: ಅನ್ನ, ಅಕ್ಷರ, ವಸತಿ. ಬಂದ ಸಾವಿರಾರು ಮಕ್ಕಳ ಜಾತಿ ಮತ ನೋಡಲಿಲ್ಲ. ಅವರನ್ನು ನೆನೆದಾಗ ನನಗೆ ಗೌರವದ ಜೊತೆಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ.

ತಲೆಂತುಗಳ ಸಾಮತಿಯನ್ನು (ಮತ್ತಾಯ 25) ನಾವು ಹೆಚ್ಚಾಗಿ ಮಕ್ಕಳನ್ನು ಗದರಿಸಲು ಬಳಸುತ್ತೇವೆ. ನೋಡು, ದೇವರು ಕೊಟ್ಟದ್ದನ್ನು ಹೂತಿಟ್ಟೆ ಎನ್ನುತ್ತೇವೆ. ಆದರೆ ಐದು ತಲೆಂತು ಪಡೆದವನೂ ಲೆಕ್ಕ ಒಪ್ಪಿಸಬೇಕಾಯಿತು. ಓದಿದ ತಂದೆತಾಯಿ, ಮನೆಯಲ್ಲಿ ಪುಸ್ತಕ, ಹೊಟ್ಟೆತುಂಬ ಊಟ, ಓದಲು ಒಂದು ಮೂಲೆ, ಇವು ಹುಟ್ಟುತ್ತಲೇ ಕೈಗೆ ಬಂದ ತಲೆಂತುಗಳು. ನಾವು ದುಡಿದು ಗಳಿಸಿದ್ದಲ್ಲ. ಕಾನ್ವೆಂಟಿನಲ್ಲಿ ಓದಿ ಒಳ್ಳೆಯ ಉದ್ಯೋಗದಲ್ಲಿರುವ ನಮ್ಮ ಕುಟುಂಬಗಳು ಇದನ್ನು ಯೋಚಿಸಬೇಕು.

ಇನ್ನು ಕಾನೂನಿನ ಮಾತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು, ಪ್ರವೇಶಕ್ಕಾಗಿ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸುತ್ತದೆ. ಖಾಸಗಿ ಶಾಲೆಗಳು ಶೇಕಡ 25ರಷ್ಟು ಸ್ಥಳವನ್ನು ಬಡ, ಹಿಂದುಳಿದ ಮಕ್ಕಳಿಗೆ ಕೊಡಬೇಕೆನ್ನುತ್ತದೆ. ಅಲ್ಪಸಂಖ್ಯಾತರ ಶಾಲೆಗಳಿಗೆ ಇದು ಅನ್ವಯಿಸದು ಎಂದು 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಆ ತೀರ್ಪನ್ನು ಮತ್ತೆ ಪರಿಶೀಲಿಸಬೇಕೆಂದು 2025ರಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಅಭಿಪ್ರಾಯಪಟ್ಟರು. ಸಂವಿಧಾನದ 30ನೆಯ ವಿಧಿ ನಮಗೆ ಕೊಟ್ಟಿರುವ ರಕ್ಷಣೆ ಅಮೂಲ್ಯವಾದದ್ದು, ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಕಾಯ್ದೆ ಬಿಟ್ಟಿತೆಂದು ಶುಭಸಂದೇಶವೂ ಬಿಟ್ಟಿತೇ? ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಕ್ರೈಸ್ತ ಶಿಕ್ಷಣದ ಬಗ್ಗೆ ಹೊರಡಿಸಿದ ಘೋಷಣೆಯಲ್ಲಿ ಧರ್ಮಸಭೆಯ ಶಾಲೆಗಳು ಯಾರ ಬಗ್ಗೆ ಹೆಚ್ಚು ಕಾಳಜಿ ವಹಿಸಬೇಕೆಂದು ಹೇಳಿದೆ: ಬಡವರು, ಕುಟುಂಬದ ಆಸರೆಯಿಲ್ಲದವರು, ನಮ್ಮ ವಿಶ್ವಾಸದವರಲ್ಲದವರು. ಆ ಯಲ್ಲದಕೆರೆಯ ಮಗು ಈ ಪಟ್ಟಿಯಲ್ಲಿ ಎರಡು ಕಡೆ ಇತ್ತು.

ಶಾಲೆಯ ಖರ್ಚು, ಶಿಕ್ಷಕರ ಸಂಬಳ ಯಾರು ಕೊಡಬೇಕೆಂದು ನಮ್ಮ ಸಿಸ್ಟರುಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಎಲ್ಲ ಸ್ಥಳಗಳನ್ನೂ ಉಚಿತವಾಗಿ ಕೊಡಲಾಗದು. ಆದರೆ ಆ ಎರಡು ಸಾಲುಗಳನ್ನು ಅರ್ಜಿಯಿಂದ ತೆಗೆಯಲು ಒಂದು ಪೈಸೆಯೂ ಬೇಡ.

ತಂದೆತಾಯಂದಿರಿಗೂ ಒಂದು ಮಾತು. "ನಮಗೇ ಬರಲಿಲ್ಲ, ಇವನಿಗೆಲ್ಲಿ ಬರುತ್ತೆ" ಎಂದು ಮಗುವಿನ ಮುಂದೆ ಆಡಬೇಡಿ. ಮಗ ಓದುವಾಗ ಮಗಳಿಗೆ ಪಾತ್ರೆ ತೊಳೆಯಲು ಹೇಳಬೇಡಿ. ಓದು ಬಾರದಿದ್ದರೂ ಸಂಜೆ ಟಿವಿ ಆರಿಸಿ ಮಗುವಿನ ಪಕ್ಕ ಕೂರಬಹುದು.

ಆ ಹುಡುಗಿ ಸರ್ಕಾರಿ ಶಾಲೆಗೆ ಸೇರಿದಳು. ಸಂಜೆ ಗುರುನಿವಾಸದ ಜಗಲಿಗೆ ಬರತೊಡಗಿದಳು. ಈಗ ಜಗಲಿಯಲ್ಲಿ ಹದಿನಾಲ್ಕು ಮಕ್ಕಳಿದ್ದಾರೆ. ಮೊನ್ನೆ ಅವಳ ತಂದೆ ಕರೆದೊಯ್ಯಲು ಬಂದಾಗ ಸ್ಲೇಟಿನ ಮೇಲೆ ಅವರ ಹೆಸರು ಬರೆದು ತೋರಿಸುತ್ತಿದ್ದಳು. ಅವರು ಸ್ಲೇಟನ್ನು ತಲೆಕೆಳಗಾಗಿ ಹಿಡಿದಿದ್ದರು, ಅವಳೇ ತಿರುಗಿಸಿಕೊಟ್ಟಳು. ಕನ್ನಡವನ್ನು ಯುವಜನರು ನೋಡಿಕೊಳ್ಳುತ್ತಿದ್ದಾರೆ, ಇಂಗ್ಲಿಷಿಗೆ ನಿವೃತ್ತ ಶಿಕ್ಷಕಿಯೊಬ್ಬರು ಬರುತ್ತಾರೆ. ಗಣಿತಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಸಂಜೆ ಆರರಿಂದ ಏಳೂವರೆ, ವಾರಕ್ಕೆ ಎರಡು ದಿನ ಸಾಕು. ಭಾನುವಾರದ ಪೂಜೆ ಮುಗಿದ ಮೇಲೆ ಹೆಸರು ಕೊಡಬಹುದು.