ಸಮಾರ್ಯದವನು ಯಾವ ಕೇರಿಯವನು?

(ಓದತಕ್ಕ ಭಾಗ: ಲೂಕನ ಸುವಾರ್ತೆ, 10ನೆಯ ಅಧ್ಯಾಯ, 25ರಿಂದ 37ನೆಯ ವಚನಗಳು)

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಸಭೆಗಳಲ್ಲಿರುವ ಪ್ರಿಯ ಸಹೋದರ ಸಹೋದರಿಯರೇ,

ಒಳ್ಳೇ ಸಮಾರ್ಯದವನ ಸಾಮ್ಯವನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದವರೇ. ರವಿವಾರದ ಶಾಲೆಯ ಕೂಸುಗಳಿಗೂ ಅದು ಬಾಯಿಪಾಠವಾಗಿದೆ. ಆದರೆ ಬಹಳ ಸಾರಿ ಕೇಳಿದ ಮಾತು ಕಿವಿಯಲ್ಲಿಯೇ ನಿಂತು ಹೃದಯಕ್ಕೆ ಇಳಿಯದೆ ಹೋಗುವದುಂಟು. ಆದಕಾರಣ ಈ ತಿಂಗಳು ಒಂದೇ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇವೆ. ಈ ಸಾಮ್ಯದಲ್ಲಿ ನಾವು ಯಾರು?

ದಾರಿಯಲ್ಲಿ ಅರೆಜೀವವಾಗಿ ಬಿದ್ದಿದ್ದವನೇ ನಾವು ಎಂದು ನಮ್ಮಲ್ಲಿ ಹೆಚ್ಚಿನವರು ಉತ್ತರ ಕೊಡುವರು. ಅದು ಸುಳ್ಳಲ್ಲ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಬೆಟಗೇರಿಯಲ್ಲಿಯೂ ಠಾಣೆಗಳನ್ನು ಸ್ಥಾಪಿಸಿದರು. ನಮ್ಮ ಈ ಮೂರು ಊರುಗಳು ಬಹುಕಾಲ ಧಾರವಾಡ ಜಿಲ್ಲೆಗೇ ಸೇರಿದ್ದವು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. 1876ರಲ್ಲಿ ಮಳೆ ತಪ್ಪಿ ಈ ಸೀಮೆಗೆಲ್ಲಾ ಘೋರವಾದ ಬರ ಬಂದಾಗ, ತಂದೆತಾಯಿಗಳನ್ನು ಕಳಕೊಂಡ ಮಕ್ಕಳನ್ನು ಮಿಶನಿನವರು ಕೂಡಿಸಿ, ಅನ್ನವಿಕ್ಕಿ, ಅಕ್ಷರ ಕಲಿಸಿದರು. ಮುಂದೆ ಬೆಟಗೇರಿಯಲ್ಲಿ ಆಸ್ಪತ್ರೆಯಾಯಿತು. ನಮ್ಮ ಅಜ್ಜ ಮುತ್ತಜ್ಜಂದಿರ ಗಾಯಗಳಿಗೆ ಎಣ್ಣೆ ಹೊಯ್ದು ಕಟ್ಟಿದವರು ಇದ್ದರು ಎಂಬದನ್ನು ಮರೆಯುವವನು ಕೃತಘ್ನನು.

ಆದರೆ ಅಲ್ಲಿಗೇ ನಿಂತರೆ ಸಾಮ್ಯವು ಹಳೆಯ ಕಥೆಯಾಗುವದು. 1914ರಲ್ಲಿ ಮಹಾಯುದ್ಧ ಹುಟ್ಟಿದಾಗ ಜರ್ಮನ್ ಮಿಶನರಿಗಳು ಸೆರೆಯಾದರು. ಎಣ್ಣೆ ಹೊಯ್ಯುವ ಕೈ ಯಾವಾಗಲೂ ಪರದೇಶದಿಂದಲೇ ಬರಬೇಕಾದದ್ದಲ್ಲವೆಂದು ನಮ್ಮ ಸಭೆಗಳು ಆಗಲೇ ಕಲಿಯಬೇಕಾಯಿತು. ಉಣಿಸಿಕೊಂಡವರ ಮಕ್ಕಳು ಇಂದಿಗೂ ಎಲೆಯ ಮುಂದೆಯೇ ಕೂತಿರಬೇಕೋ?

ಈಗ ಸಾಮ್ಯವನ್ನು ಮತ್ತೊಮ್ಮೆ ನೋಡೋಣ. ಸಮಾರ್ಯದವರು ಯಾರು? ಯೆಹೂದ್ಯರು ಅವರೊಂದಿಗೆ ಬಳಕೆ ಮಾಡುತ್ತಿರಲಿಲ್ಲ. ಸಮಾರ್ಯದ ಹೆಂಗಸಿನ ಕೈಯಿಂದ ಸ್ವಾಮಿಯು ನೀರು ಕೇಳಿದ್ದಕ್ಕೆ ಅವಳೇ ಬೆರಗಾದಳೆಂದು ಯೋಹಾನನು ನಾಲ್ಕನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಇದನ್ನು ತಿಳಿಯುವದಕ್ಕೆ ನಮ್ಮ ಜನರಿಗೆ ವ್ಯಾಖ್ಯಾನದ ಪುಸ್ತಕ ಬೇಡ. ಯಾವ ಬಾವಿಗೆ ಯಾರು ಕೊಡ ಇಳಿಸಬಾರದು, ಯಾರಿಗೆ ಚಹವನ್ನು ಬೇರೆ ಬಟ್ಟಲಿನಲ್ಲಿ ಕೊಡುವರು, ಯಾರು ಗುಡಿಯ ಕಟ್ಟೆಯ ಕೆಳಗೆ ನಿಲ್ಲಬೇಕು ಎಂಬದನ್ನು ನಮ್ಮಲ್ಲಿ ಅನೇಕರ ಹಿರಿಯರು ತಮ್ಮ ಮೈಮೇಲೆ ಕಲಿತಿದ್ದಾರೆ. ಹೀಗಿರಲಾಗಿ ಕರ್ತನು ಈ ಸಾಮ್ಯವನ್ನು ನಮ್ಮ ಊರಿನ ಅಗಸೆಯಲ್ಲಿ ನಿಂತು ಹೇಳಿದ್ದರೆ, ಸಮಾರ್ಯದವನನ್ನು ಯಾವ ಕೇರಿಯಿಂದ ಕರತರುತ್ತಿದ್ದನು? ಊರ ನಡುವಿನ ದೊಡ್ಡ ಮನೆಯಿಂದಲೋ? ಇಲ್ಲ. ಊರ ಹೊರಗಿನ ನಮ್ಮ ಕೇರಿಯಿಂದಲೇ. ಸ್ವಾಮಿಯ ಈ ಸಾಮ್ಯದಲ್ಲಿ ಸೇವೆಮಾಡುವವನು ತಾತ್ಸಾರಕ್ಕೆ ಗುರಿಯಾದವನು, ಬಿದ್ದಿರುವವನು ತಾತ್ಸಾರಮಾಡಿದ ಜನದವನು.

ಈ ಮಾತು ಕಹಿಯಾಗಿದೆ ಎಂದು ನಾವು ಬಲ್ಲೆವು. ನಮ್ಮ ತಾಯಿಗೆ ನೀರು ಹೊಯ್ಯದವನಿಗೆ ನಾವು ಎಣ್ಣೆ ಹೊಯ್ಯಬೇಕೋ ಎಂದು ಒಬ್ಬನು ಕೇಳಿದರೆ ಅವನ ಮೇಲೆ ಸಿಟ್ಟು ಮಾಡಲಾರೆವು. ಅನ್ಯಾಯವನ್ನು ಸಹಿಸಿಕೊಂಡು ಬಾಯಿಮುಚ್ಚಿರಿ ಎಂದು ಸುವಾರ್ತೆಯು ಹೇಳುವದಿಲ್ಲ. ಸರಕಾರದ ಕಾನೂನು ಇದೆ, ಅದನ್ನು ಉಪಯೋಗಿಸಿರಿ. ಆದರೆ ಒಬ್ಬನು ದಾರಿಯಲ್ಲಿ ಬಿದ್ದಿರುವ ಗಳಿಗೆಯು ಹಳೆಯ ಲೆಕ್ಕವನ್ನು ತೆಗೆಯುವ ಗಳಿಗೆಯಲ್ಲ.

ಹಾಗಾದರೆ ಇಂದು ನಮ್ಮ ಸೀಮೆಯಲ್ಲಿ ಬಿದ್ದಿರುವವನು ಯಾರು? ಬ್ಯಾಡಗಿಯ ಮೆಣಸಿನಕಾಯಿಯ ಹೆಸರು ದೇಶದೇಶಕ್ಕೆ ಹೋಗಿದೆ. ಖಾರ ಕಡಿಮೆ, ಬಣ್ಣ ಹೆಚ್ಚು, ಆ ಬಣ್ಣಕ್ಕಾಗಿಯೇ ಅದನ್ನು ಕೊಳ್ಳುವರು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಹೀಗಿದ್ದರೂ 2024ನೆಯ ಮಾರ್ಚ್ 11ರಂದು ಬೆಲೆ ಕುಸಿದಾಗ ರೈತರು ಸಿಟ್ಟಿನಿಂದ ಅದೇ ಮಾರುಕಟ್ಟೆಯಲ್ಲಿ ವಾಹನಗಳಿಗೂ ಕಚೇರಿಗೂ ಬೆಂಕಿಯಿಟ್ಟರು. ಬೆಂಕಿಯಿಡುವದನ್ನು ನಾವು ಹೊಗಳುವದಿಲ್ಲ. ಆದರೆ ಬೆಂಕಿಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬೀಜದ ಸಾಲ, ಗೊಬ್ಬರದ ಸಾಲ, ಗಾಡಿಯ ಬಾಡಿಗೆ ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡು ಸುಮ್ಮನೆ ಮನೆಗೆ ಹಿಂತಿರುಗಿದವನ ಸುದ್ದಿ ಎಲ್ಲಿಯೂ ಬರಲಿಲ್ಲ. 2008ನೆಯ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಬಂದವರ ಮೇಲೆ ಗುಂಡು ಹಾರಿ ರೈತರು ಸತ್ತದ್ದನ್ನು ನಮ್ಮಲ್ಲಿ ಅನೇಕರು ಮರೆತಿಲ್ಲ. ಸಾಲದ ಭಾರಕ್ಕೆ ತಮ್ಮ ಜೀವವನ್ನು ತಾವೇ ತೆಗೆದುಕೊಂಡ ಒಕ್ಕಲಿಗರ ಮನೆಗಳು ನಮ್ಮ ಜಿಲ್ಲೆಯಲ್ಲಿ ಅನೇಕ ಇವೆ. ಅವರಲ್ಲಿ ಎಷ್ಟೋ ಜನ ಒಂದು ಕಾಲಕ್ಕೆ ನಮ್ಮನ್ನು ಕೂಲಿಗೆ ಕರೆದವರು, ದೂರ ನಿಲ್ಲಿಸಿ ಕೂಲಿ ಕೊಟ್ಟವರು. ಇಂದು ಆ ಮನೆಯ ಕಟ್ಟೆಯ ಮೇಲೆ ಯಾರೂ ಬಂದು ಕೂರುವದಿಲ್ಲ. ಸಾಲಗಾರನ ಮನೆಗೆ ಬಂಧುಬಳಗವೂ ದೂರವೇ. ಯಾಜಕನು ಆಚೆ ಮಗ್ಗುಲಾಗಿ ಹೋದನು, ಲೇವಿಯನು ಆಚೆ ಮಗ್ಗುಲಾಗಿ ಹೋದನು.

“ಅಯ್ಯನವರೇ, ನಾವೇ ದಿನಗೂಲಿಯವರು, ನಮ್ಮ ಹತ್ತರ ಏನಿದೆ ಕೊಡುವದಕ್ಕೆ?” ಎಂದು ನಮ್ಮ ತಾಯಂದಿರು ಕೇಳುತ್ತಾರೆ. ದಿನವೆಲ್ಲಾ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಸಂಜೆಗೆ ಕೈಯುರಿಯನ್ನು ತಾಳಲಾರದೆ ಬೆರಳುಗಳನ್ನು ತಣ್ಣೀರಿನಲ್ಲಿ ಅದ್ದಿ ಕೂರುವವರು ಅವರು. ಅವರ ಪ್ರಶ್ನೆ ನೆವವಲ್ಲ. ಆದರೆ ಸಮಾರ್ಯದವನು ಕೊಟ್ಟದ್ದೇನೆಂದು ನೋಡಿರಿ. ದುಡ್ಡು ಕೊಟ್ಟದ್ದು ಕಡೆಗೆ, ಅದೂ ಎರಡೇ ನಾಣ್ಯ. ಅದಕ್ಕೂ ಮುಂಚೆ ಅವನು ಹತ್ತಿರ ಬಂದನು, ಗಾಯ ಮುಟ್ಟಿದನು, ತನ್ನ ವಾಹನದ ಮೇಲೆ ಅವನನ್ನು ಹತ್ತಿಸಿ ಛತ್ರಕ್ಕೆ ಕರಕೊಂಡು ಹೋಗಿ ಆರೈಕೆ ಮಾಡಿದನು. ಹೊರಡುವಾಗ ತಿರಿಗಿ ಬರುತ್ತೇನೆಂದು ಮಾತು ಕೊಟ್ಟನು. ಹತ್ತಿರ ಹೋಗುವದು, ಮುಟ್ಟುವದು, ಜೊತೆಗಿರುವದು, ತಿರಿಗಿ ಬರುವದು ದಿನಗೂಲಿಯವರಿಂದಲೂ ಆಗತಕ್ಕ ಕೆಲಸಗಳೇ. ಮುಟ್ಟಬಾರದವರೆಂದು ಹೇಳಿಸಿಕೊಂಡವರು ಇತರರ ಗಾಯ ಮುಟ್ಟುವದರ ಬೆಲೆಯನ್ನು ಇತರರಿಗಿಂತ ಹೆಚ್ಚಾಗಿ ಬಲ್ಲರು.

ಆದಕಾರಣ ಬೆಲೆ ಬಿದ್ದ ವರುಷದಲ್ಲಿ ನಿಮ್ಮ ನೆರೆಯ ಒಕ್ಕಲಿಗನು ಮಾತು ಬಿಟ್ಟರೆ, ಊಟ ಬಿಟ್ಟರೆ, ರಾತ್ರಿ ಒಬ್ಬನೇ ಹೊಲಕ್ಕೆ ಹೋಗಿ ಕೂತರೆ, ಅವನ ಹತ್ತಿರ ಹೋಗಿರಿ. ಬುದ್ಧಿವಾದ ಹೇಳುವದಕ್ಕಲ್ಲ, ಅವನ ಮಾತು ಕೇಳುವದಕ್ಕೆ. ಸಾಯುತ್ತೇನೆಂದು ಅವನು ಬಾಯಿಬಿಟ್ಟು ಹೇಳಿದರೆ ಅದನ್ನು ಬರಿಯ ಮಾತೆಂದು ತಳ್ಳಿಬಿಡದೆ, ಅವನನ್ನು ಒಬ್ಬನನ್ನೇ ಬಿಡದೆ, ಮನೆಯಲ್ಲಿ ಕ್ರಿಮಿನಾಶಕದ ಡಬ್ಬಿಯಿದ್ದರೆ ಅದನ್ನು ದೂರ ಮಾಡಿಸಿ, ಆಸ್ಪತ್ರೆಗೆ ಜೊತೆಯಾಗಿ ಹೋಗಿರಿ. 2022ರಲ್ಲಿ ಸರಕಾರವು ಟೆಲಿ ಮಾನಸ್ ಎಂಬ ದೂರವಾಣಿಯನ್ನು ಆರಂಭಿಸಿದೆ. 14416 ಎಂದು ಒತ್ತಿದರೆ ಹಗಲಾಗಲಿ ರಾತ್ರಿಯಾಗಲಿ ದುಡ್ಡಿಲ್ಲದೆ ಮಾತಾಡಬಹುದು, ಕನ್ನಡದಲ್ಲಿಯೇ. ಆ ಅಂಕೆಯನ್ನು ಪ್ರಾರ್ಥನಾಲಯದ ಗೋಡೆಯ ಮೇಲೆ ಬರೆದಿಡಿರಿ.

ಮರಣವು ಆಗಲೇ ಬಂದುಹೋದ ಮನೆಯಲ್ಲಿ ಬೇರೆ ತರದ ಸೇವೆಯುಂಟು. ಸಾಲದಿಂದ ಸತ್ತ ರೈತನ ಮನೆಯವರಿಗೆ ಸರಕಾರದಿಂದ 5 ಲಕ್ಷ ರೂಪಾಯಿಯ ಪರಿಹಾರವಿದೆ. ಆದರೆ ಪೊಲೀಸರ ವರದಿ, ಮರಣೋತ್ತರ ಪರೀಕ್ಷೆಯ ವರದಿ, ಪಹಣಿ, ಸಾಲದ ಕಾಗದಗಳು ಇಲ್ಲದೆ ಅದು ಸಿಕ್ಕುವದಿಲ್ಲ. ಓದುಬಾರದ ವಿಧವೆಯು ತಹಶೀಲದಾರರ ಕಚೇರಿಯ ಮೆಟ್ಟಲು ಎಷ್ಟು ಸಾರಿ ಹತ್ತಿ ಇಳಿಯುವಳು! ನಮ್ಮ ಸಭೆಗಳಲ್ಲಿ ಅಕ್ಷರ ಬಲ್ಲ ಯೌವನಸ್ಥರಿದ್ದಾರೆ. ಆ ಅಕ್ಷರವು ನಮ್ಮ ಕೇರಿಗೆ ಬಂದದ್ದು ಹೇಗೆಂದು ಮೇಲೆ ಹೇಳಿದೆವು. ಒಂದು ದಿನದ ಕೂಲಿ ಬಿಟ್ಟು ಅವಳ ಸಂಗಡ ಕಚೇರಿಗೆ ಹೋಗಿ ಅರ್ಜಿ ಬರೆದು ಕೊಟ್ಟರೆ, ಅದೇ ಎಣ್ಣೆ, ಅದೇ ದ್ರಾಕ್ಷಾರಸ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. 2019ನೆಯ ಆಗಸ್ಟಿನಲ್ಲಿ ವರದಾ ನದಿಯು ಉಕ್ಕಿ ದಂಡೆಯ ಊರುಗಳಲ್ಲಿ ಮಣ್ಣಿನ ಮನೆಗಳು ಬಿದ್ದವು. ಇಂಥ ವಿಪತ್ತುಗಳಲ್ಲಿ ಒಂದು ಕಂಬಳಿ ಕೊಟ್ಟು ನಾಲ್ಕು ಫೋಟೋ ತೆಗೆಸಿಕೊಳ್ಳುವ ವಾಡಿಕೆ ಎಲ್ಲಾ ಮತದವರಲ್ಲಿಯೂ ಬೆಳೆದಿದೆ, ನಮ್ಮವರಲ್ಲಿಯೂ. ತಕ್ಕೊಳ್ಳುವವನ ಮುಖದ ನಾಚಿಕೆಯನ್ನು ಚಿತ್ರ ತೆಗೆದು ಊರಿಗೆಲ್ಲಾ ತೋರಿಸುವದು ಯಾವ ಸೇವೆ? ಅದಕ್ಕಿಂತ ಕೆಟ್ಟದ್ದು ಸೇವೆಯನ್ನು ಗಾಳದ ಹುಳುವಾಗಿ ಮಾಡುವದು. ಗಾಯ ಕಟ್ಟುವಾಗ ಸಮಾರ್ಯದವನು ಗೆರಿಜ್ಜೀಮ್ ಬೆಟ್ಟದಲ್ಲಿ ಆರಾಧಿಸು ಎಂದು ಕರಾರು ಬರೆಸಿಕೊಳ್ಳಲಿಲ್ಲ. ವಾಸಿಯಾದ ಮೇಲೆ ಆ ಯೆಹೂದ್ಯನು ಅವನ ಕೂಡ ಕೂತು ಉಂಡನೋ ಇಲ್ಲವೋ ಎಂಬದನ್ನು ಕೂಡ ಕರ್ತನು ಹೇಳದೆ ಬಿಟ್ಟಿದ್ದಾನೆ. ಕೇಳಿದರೆ ನಮ್ಮ ನಿರೀಕ್ಷೆಯ ಕಾರಣವನ್ನು ಸಾತ್ವಿಕತ್ವದಿಂದ ಹೇಳೋಣ. ಕೇಳದಿದ್ದರೆ ಕೆಲಸ ಮುಗಿಸಿ ಮನೆಗೆ ಬರೋಣ.

ವಿಶ್ವಾಸದಿಂದಲೇ ರಕ್ಷಣೆಯಾದ ಮೇಲೆ ಇಷ್ಟೆಲ್ಲಾ ಕ್ರಿಯೆ ಯಾತಕ್ಕೆಂದು ಕೇಳುವವರು ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ಓದಿಕೊಳ್ಳಲಿ. ಬೇರು ಜೀವದಿಂದಿದ್ದರೆ ಕಾಯಿ ಬಿಡುವದು. ಕಾಯಿ ಕಟ್ಟಿ ತೂಗುಹಾಕಿದ ಮಾತ್ರಕ್ಕೆ ಒಣಗಿದ ಗಿಡಕ್ಕೆ ಬೇರು ಬರುವದಿಲ್ಲ. ಒಕ್ಕಲುತನ ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾದದ್ದಿಲ್ಲ.

ಕಡೆಯದಾಗಿ ಒಂದು ಸಂಗತಿ. ಮಿಜೋರಾಮಿನ ಬೆಟ್ಟದ ಸಭೆಗಳಲ್ಲಿ 1910ರಿಂದ ಒಂದು ರೂಢಿ ನಡೆದು ಬಂದಿದೆ. ಹೆಂಗಸರು ಅಡಿಗೆಗೆ ಅಕ್ಕಿ ಅಳೆಯುವಾಗ ಪ್ರತಿಸಾರಿಯೂ ಒಂದು ಹಿಡಿ ತೆಗೆದು ಬೇರೆ ಪಾತ್ರೆಯಲ್ಲಿ ಹಾಕಿಡುವರು. ಬಡವರಾದ ಆ ಜನರ ಹಿಡಿ ಅಕ್ಕಿಯಿಂದಲೇ ಸಭೆಯ ದೊಡ್ಡ ಕೆಲಸಗಳು ನಡೆದಿವೆ. ನಮ್ಮಲ್ಲಿ ಅಕ್ಕಿಗೆ ಬದಲಾಗಿ ಜೋಳವಿದೆ. ಹಿಟ್ಟಿನ ಗಿರಣಿಗೆ ಒಯ್ಯುವ ಮುಂಚೆ ಒಂದು ಹಿಡಿ ಜೋಳವನ್ನು ಬೇರೆ ಗಡಿಗೆಯಲ್ಲಿಡಿರಿ. ತಿಂಗಳ ಮೊದಲನೆಯ ರವಿವಾರ ಅದನ್ನು ಸಭೆಗೆ ತನ್ನಿರಿ. ಯಾರ ಮನೆಗೆ ಮುಟ್ಟಿಸಬೇಕೆಂಬದನ್ನು ಹಿರಿಯರೂ ಸ್ತ್ರೀಸಂಘದವರೂ ಕೂಡಿ ಗೊತ್ತುಮಾಡಲಿ; ಮೊದಲನೆಯ ಚೀಲವು ನಮ್ಮ ಕೇರಿಯ ಹೊರಗಿನ ಒಂದು ಮನೆಗೆ ಹೋಗಲಿ, ಕತ್ತಲಾದ ಮೇಲೆ.