ಹೊಣೆಯ ಕಂತು

ಶಿವಮೊಗ್ಗದ ನೆಹರೂ ರಸ್ತೆಯ ಆಸುಪಾಸಿನಲ್ಲಿ ಒಬ್ಬರು ಸ್ಪೋರ್ಟ್ಸ್ ಬಾರ್ ತೆರೆಯುತ್ತಿದ್ದಾರೆ ಎಂದುಕೊಳ್ಳೋಣ. ಸಿಎಲ್-9 ಸನ್ನದು ಸಿಕ್ಕಿದೆ, ಗೋಡೆಗೆ ದೊಡ್ಡ ಟಿವಿಗಳು ಬಂದಿವೆ, ಆರ್‌ಸಿಬಿ ಆಡುವ ರಾತ್ರಿ ಕಾಲಿಡಲು ಜಾಗವಿರುವುದಿಲ್ಲ ಎಂಬ ಭರವಸೆಯೂ ಇದೆ. ಉಳಿದಿರುವುದು ವಿಮೆ. ಟಿವಿ, ಫ್ರಿಜ್, ದಾಸ್ತಾನು ಇವಕ್ಕೆ ಬೆಂಕಿ ಮತ್ತು ಕಳ್ಳತನದ ವಿಮೆ ಮಾಡಿಸಲು ಯಾರೂ ಹೆಚ್ಚು ಯೋಚಿಸುವುದಿಲ್ಲ. ಸಾಲ ಕೊಟ್ಟ ಬ್ಯಾಂಕೇ ಕೇಳುತ್ತದೆ. ಕೈ ತಡೆಯುವುದು ಇನ್ನೆರಡು ಬಾಬ್ತುಗಳ ಮುಂದೆ: ಕೆಲಸಗಾರರಿಗೆ ಪೆಟ್ಟಾದರೆ ಕೊಡಬೇಕಾದ ಪರಿಹಾರದ ವಿಮೆ, ಗಿರಾಕಿಗೋ ನೆರೆಯವರಿಗೋ ಹಾನಿಯಾದರೆ ತೆರಬೇಕಾದ ಸಾರ್ವಜನಿಕ ಹೊಣೆಗಾರಿಕೆಯ ವಿಮೆ. ಖರ್ಚು ಉಳಿಸಬೇಕೆಂದಾಗ ಇವೆರಡನ್ನು ಬಿಟ್ಟುಬಿಡುವುದು ಸುಲಭ. ಮೇಲ್ನೋಟಕ್ಕೆ ಇದು ವ್ಯಾಪಾರದ ಜಾಣತನ. ಆದರೆ ಯಾರ ನಷ್ಟವನ್ನು ನಷ್ಟವೆಂದು ಎಣಿಸುತ್ತೇವೆ ಎಂಬ ತೀರ್ಮಾನವೂ ಇದರಲ್ಲಿ ಅಡಗಿದೆ.

2018ರ ಜನವರಿ 8ರ ನಸುಕಿನಲ್ಲಿ ಬೆಂಗಳೂರಿನ ಕಲಾಸಿಪಾಳ್ಯದ ಕೈಲಾಶ್ ಬಾರ್ ಅಂಡ್ ರೆಸ್ಟೋರೆಂಟ್‌ಗೆ ಬೆಂಕಿ ಬಿತ್ತು. ಕೆಲಸ ಮುಗಿಸಿ ಒಳಗೇ ಮಲಗಿದ್ದ ಐವರು ಸತ್ತರು. ತುಮಕೂರು, ಹಾಸನ, ಮಂಡ್ಯ ಕಡೆಯಿಂದ ದುಡಿಯಲು ಬಂದವರು ಅವರು. ಇಂಥ ಸಾವಿಗೆ ಕಾನೂನಿನಲ್ಲಿ ಒಂದು ಲೆಕ್ಕವಿದೆ. 1923ರ ಪರಿಹಾರ ಕಾಯ್ದೆಯಲ್ಲಿದ್ದು ಈಗ ಸಾಮಾಜಿಕ ಭದ್ರತಾ ಸಂಹಿತೆಗೆ ಬಂದಿರುವ ಸೂತ್ರದ ಪ್ರಕಾರ, ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಬೇಕು. 15,000 ರೂಪಾಯಿ ಸಂಬಳದ 25 ವರ್ಷದ ಹುಡುಗನಿಗೆ ಆ ಸಂಖ್ಯೆ 216.91, ಮೊತ್ತ ಸುಮಾರು 16 ಲಕ್ಷ 27 ಸಾವಿರ ರೂಪಾಯಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಇಎಸ್‌ಐ ಇರುತ್ತದೆ. ಏಳೆಂಟು ಜನರ ಬಾರಿನಲ್ಲಿ ಈ ಹಣ ಮಾಲೀಕನ ಜೇಬಿನಿಂದಲೇ ಬರಬೇಕು.

ಕನ್ನಡದ ‘ಹೊಣೆ’ ಎಂಬ ಮಾತಿಗೆ ಎರಡು ಮುಖಗಳಿವೆ. ತಪ್ಪಿಗೆ ಉತ್ತರ ಕೊಡುವವನು ಹೊಣೆ ಹೊರುತ್ತಾನೆ. ಇನ್ನೊಬ್ಬನ ಸಾಲಕ್ಕೆ ಜಾಮೀನಾಗುವವನು ಹೊಣೆ ನಿಲ್ಲುತ್ತಾನೆ. ‘ನಮ್ಮ ಹುಡುಗರು ಮನೆಯವರಿದ್ದ ಹಾಗೆ’ ಎನ್ನುವ ಮಾಲೀಕನ ಮಾತು ಪ್ರಾಮಾಣಿಕವೇ ಇರಬಹುದು. ಆದರೆ ಪರಿಹಾರ ತೆರಬೇಕಾದ ದಿನ ಅವನ ಬಳಿ ಸುಟ್ಟ ಬಾರು ಮಾತ್ರ ಉಳಿದಿದ್ದರೆ ಆ ಮಾತಿಗೆ ಜಾಮೀನು ಯಾರು? ಸತ್ತವನ ತಾಯಿಗೆ ಕಾನೂನು ಕೊಟ್ಟ ಹಕ್ಕು ಕಾಗದದ ಮೇಲೇ ಉಳಿಯುತ್ತದೆ.

ಇನ್ನು ಗಿರಾಕಿಯ ವಿಚಾರ. ಶಿವಮೊಗ್ಗದಲ್ಲೊಂದು, ಭದ್ರಾವತಿಯಲ್ಲೊಂದು ಬಾರಿದೆ ಅನ್ನಿ. ಎರಡರಲ್ಲೂ ಮೆಟ್ಟಿಲ ಮೇಲಿನ ದೀಪ ಕೆಟ್ಟಿದೆ. ಇಬ್ಬರು ಮಾಲೀಕರೂ ‘ನಾಳೆ ನೋಡೋಣ’ ಎಂದಿದ್ದಾರೆ. ಪಂದ್ಯ ಮುಗಿದು ಜನ ಒಮ್ಮೆಗೇ ಇಳಿಯುತ್ತಾರೆ. ಶಿವಮೊಗ್ಗದಲ್ಲಿ ಎಲ್ಲರೂ ಮನೆ ಸೇರುತ್ತಾರೆ. ಭದ್ರಾವತಿಯಲ್ಲಿ ಒಬ್ಬ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಳ್ಳುತ್ತಾನೆ. ಅಜಾಗರೂಕತೆ ಒಂದೇ, ಊರು ಬಯ್ಯುವುದು ಒಬ್ಬನನ್ನೇ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಚರ್ಚೆಗೆ ತಂದ ‘ನೈತಿಕ ಅದೃಷ್ಟ’ದ ಸಮಸ್ಯೆ ಇದೇ: ನಮ್ಮ ಕೈಯಲ್ಲಿಲ್ಲದ ಫಲಿತಾಂಶವನ್ನು ನೋಡಿ ನಮ್ಮ ತಪ್ಪಿನ ತೂಕ ಅಳೆಯುವುದು ಸರಿಯೇ?

ತತ್ತ್ವಶಾಸ್ತ್ರ ಇದಕ್ಕೆ ಇನ್ನೂ ಒಮ್ಮತದ ಉತ್ತರ ಕೊಟ್ಟಿಲ್ಲ. ಆದರೆ ಹೊಣೆಗಾರಿಕೆಯ ವಿಮೆ ಒಂದು ಅರೆ ಉತ್ತರ ಕೊಡುತ್ತದೆ ಎಂದು ನನಗನ್ನಿಸುತ್ತದೆ. ಇಬ್ಬರೂ ಕಂತು ಕಟ್ಟಿದ್ದರೆ, ಬಿದ್ದವನ ಪರಿಹಾರಕ್ಕೆ ಶಿವಮೊಗ್ಗದವನ ದುಡ್ಡೂ ಸೇರಿರುತ್ತದೆ. ತಪ್ಪು ಮಾಡಿಯೂ ಬಚಾವಾದವನು ತನ್ನ ಅದೃಷ್ಟಕ್ಕೆ ತೆರುವ ಪಾಲು ಅದು.

ಅಪಾಯ ಕಾಂಪೌಂಡಿನೊಳಗೇ ಉಳಿಯುವುದಿಲ್ಲ ಎಂದು ಈ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. 2021ರ ಜನವರಿ 21ರ ರಾತ್ರಿ ಹುಣಸೋಡಿನಲ್ಲಿ ಸ್ಫೋಟಕ ಸಿಡಿದು ಕಾರ್ಮಿಕರು ಸತ್ತಾಗ ಭದ್ರಾವತಿಯಲ್ಲೂ ನೆಲ ನಡುಗಿತ್ತು. ಅಪಾಯಕಾರಿ ವಸ್ತುಗಳನ್ನು ಇಟ್ಟುಕೊಳ್ಳುವವರು ಹೊರಗಿನವರಿಗಾಗಿ ವಿಮೆ ಮಾಡಿಸಬೇಕೆಂದು ಭೋಪಾಲದ ದುರಂತದ ನಂತರ, 1991ರಲ್ಲಿ, ಕಾನೂನು ಬಂದಿತು. ಬೈಕಿನ ವಿಷಯದಲ್ಲಂತೂ ಈ ನ್ಯಾಯವನ್ನು ನಾವೆಲ್ಲ ಒಪ್ಪಿದ್ದೇವೆ: ನಮ್ಮ ಬೈಕಿಗಾಗುವ ಹಾನಿಯ ವಿಮೆ ನಮ್ಮಿಷ್ಟ, ದಾರಿಹೋಕನ ವಿಮೆ ಕಡ್ಡಾಯ. ಬಾರಿನ ವಿಮೆಯಲ್ಲಿ ಮಾತ್ರ ಇದು ತಿರುವುಮುರುವಾಗಿದೆ. ನಮ್ಮ ಟಿವಿಗೆ ಖಾತರಿಯಿದೆ, ಗಿರಾಕಿಯ ಬೆನ್ನುಮೂಳೆ ಮಾಲೀಕನ ಮರ್ಜಿಗೆ ಬಿಟ್ಟದ್ದು.

ವಿಮೆಯಿದ್ದರೆ ಮಾಲೀಕ ಮೈಮರೆಯುತ್ತಾನೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದಿಲ್ಲ. ವಿಮಾ ಕಂಪನಿಗೆ ದಾಟಿಸಬಹುದಾದದ್ದು ಹಣದ ಹೊರೆಯನ್ನು ಮಾತ್ರ. ತುರ್ತು ಬಾಗಿಲ ಮುಂದೆ ಪೇರಿಸಿದ ಬಿಯರ್ ಕ್ರೇಟುಗಳನ್ನು ಯಾವ ಪಾಲಿಸಿಯೂ ಎತ್ತಿಡುವುದಿಲ್ಲ. ಮಿತಿಮೀರಿ ಕುಡಿದವನು ಗಾಡಿ ಹತ್ತಿ ಬಿ.ಎಚ್. ರಸ್ತೆಯಲ್ಲಿ ಯಾರಿಗಾದರೂ ಗುದ್ದಿದರೆ, ಅಮೆರಿಕದ ಹಲವು ರಾಜ್ಯಗಳಲ್ಲಿ ಮದ್ಯ ಮಾರಿದವನೂ ಉತ್ತರ ಕೊಡಬೇಕು. ನಮ್ಮಲ್ಲಿ ಅದಕ್ಕೆಂದೇ ಒಂದು ಕಾನೂನಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಕೀ ಇಸಿದುಕೊಂಡು ಆಟೋ ಕರೆಸುವ ಮ್ಯಾನೇಜರ್ ಮಾತ್ರ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಬಾಡಿಗೆ, ಸನ್ನದಿನ ಶುಲ್ಕ, ಸಾಲದ ಬಡ್ಡಿ ಕಟ್ಟಿ ಹೈರಾಣಾದ ಚಿಕ್ಕ ಮಾಲೀಕ ಎಲ್ಲ ವಿಮೆಗೂ ಎಲ್ಲಿಂದ ತರಬೇಕು? ಎಲ್ಲವನ್ನೂ ತರಬೇಕಿಲ್ಲ, ಸರದಿ ಬದಲಿಸಿದರೆ ಸಾಕು. ತನ್ನ ಟಿವಿ ಒಡೆದರೆ ‘ಹೋಗಲಿ ಬಿಡು’ ಎನ್ನುವ ಅಧಿಕಾರ ಅವನಿಗಿದೆ. ಇನ್ನೊಬ್ಬನ ಮಗ ಸತ್ತಾಗ ಹಾಗೆನ್ನುವ ಅಧಿಕಾರ ಅವನಿಗಿಲ್ಲ. ಆದ್ದರಿಂದ ಮೊದಲು ಒಳಗೆ ಮಲಗುವ ಹುಡುಗರ ವಿಮೆ, ಆಮೇಲೆ ಮೆಟ್ಟಿಲಿಳಿಯುವ ಗಿರಾಕಿಯದು, ಕೊನೆಗೆ ಟಿವಿಯದು. ದುಡ್ಡು ಸಾಲದಿದ್ದರೆ ಟಿವಿ ಒಂದು ಕಡಿಮೆಯಿರಲಿ.