ಪ್ಲಾಟಿನ ನಕ್ಷೆಯಲ್ಲಿ ಆಟದ ಕಟ್ಟೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಅಂಚಿನ ಹೊಲಗಳು ಒಂದೊಂದಾಗಿ ಎನ್‌ಎ (ಕೃಷಿಯೇತರ) ಆಗಿ ಪ್ಲಾಟುಗಳಾಗುತ್ತಿವೆ. ಗಡಿಕಲ್ಲು ನೆಟ್ಟು, ಗರಸು ಹಾಕಿ ರಸ್ತೆ ಮಾಡಿ, ಕಮಾನು ನಿಲ್ಲಿಸಿದರೆ ಬಡಾವಣೆ ಸಿದ್ಧ. ನಾವು ದುಡ್ಡು ಕೊಡುವುದು ಉದ್ದಗಲದ ಅಳತೆಗೆ, ಬಾಳುವುದು ಮಾತ್ರ ಊರಿನಲ್ಲಿ. ಅಳೆದ ನೆಲ ಊರಾಗುವುದು ಯಾವಾಗ? ನಾಲ್ಕು ಜನ ಕೂಡಿ ನೋಡುವ, ಕೇಳುವ, ನಮ್ಮದೆನ್ನುವ ಏನಾದರೂ ಅಲ್ಲಿ ಇದ್ದಾಗ. ಕಲೆ ಮಾಡುವ ಕೆಲಸ ಅದೇ. ಆದ್ದರಿಂದ ಪ್ಲಾಟು ಮಾರುವ ಮೊದಲೇ ಕಲೆಗೆ ನಕ್ಷೆಯಲ್ಲಿ ಜಾಗ ಬೇಕು.

ಈಗಿನ ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣ 19ನೆಯ ಶತಮಾನದಲ್ಲಿ ಶ್ರೀಕೃಷ್ಣ ಪಾರಿಜಾತಕ್ಕೆ ಆಟದ ರೂಪ ಕೊಟ್ಟರು. ಮುಂದೆ ಕೌಜಲಗಿ ನಿಂಗಮ್ಮ ಅದೇ ಆಟದಲ್ಲಿ ಹೆಸರಾದರು. ಮೊಸರಿನ ಗಡಿಗೆ ಹೊತ್ತ ಗೊಲ್ಲತಿಯನ್ನು ಭಾಗವತ ತಡೆದು ಮಾತಿಗೆಳೆಯುತ್ತಾನೆ. ಆ ಸವಾಲು-ಜವಾಬು ಕಟ್ಟಕಡೆಯ ಸಾಲಿಗೂ ಕೇಳಿಸಿದರೇ ಆಟ ರಂಗೇರುವುದು. ಅದಕ್ಕೆ ಬೇಕಾದದ್ದು ಒಂದು ಕಟ್ಟೆ, ಎದುರಿಗೆ ಸಮತಟ್ಟಾದ ಬಯಲು, ದೀಪಕ್ಕೊಂದು ಕಂಬ. ಬಡಾವಣೆಯಲ್ಲಿ ಉದ್ಯಾನಕ್ಕೆ, ನಾಗರಿಕ ಸೌಲಭ್ಯಕ್ಕೆ ಕಾನೂನಿನಂತೆ ಜಾಗ ಬಿಡಲೇಬೇಕು. ಆದರೆ ಎಷ್ಟೋ ಕಡೆ ಪ್ಲಾಟಿಗೆ ಒಗ್ಗದ ಮೂಲೆಯ ತುಂಡೇ ಉದ್ಯಾನವಾಗುತ್ತದೆ. ಅಲ್ಲಿ ತಂತಿಬೇಲಿಯೊಳಗೆ ಜಾಲಿ ಬೆಳೆಯುತ್ತದೆ.

‘ಹೊಟ್ಟೆ ಬಟ್ಟೆ ಕಟ್ಟಿ ಪ್ಲಾಟು ಕೊಳ್ಳುವವನ ಮೇಲೆ ಕಲೆಯ ಖರ್ಚನ್ನೂ ಏಕೆ ಹೇರುತ್ತೀರಿ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಸಿಮೆಂಟಿನ ಆನೆ, ಬಣ್ಣದ ಕಾರಂಜಿಗಳ ಖರ್ಚು ಈಗಲೂ ಅವನ ತಲೆಯ ಮೇಲೇ ಬೀಳುತ್ತಿದೆ. ಮಾರಾಟ ಮುಗಿದ ಮೇಲೆ ಅವನ್ನು ಕೇಳುವವರಿಲ್ಲ. ಅದೇ ಹಣ ಗೋಕಾಕದ ಗೊಂಬೆ ಕುಟುಂಬಗಳಿಗೆ ಕೂಲಿಯಾಗಿ ಹೋಗಲಿ. ಹಗುರ ಕಟ್ಟಿಗೆ ಕೆತ್ತಿ, ಬಣ್ಣ ತುಂಬಿ, ನಿಜವಾದ ಹಣ್ಣೆಂದು ಮಕ್ಕಳು ಕೈಚಾಚುವಂತೆ ಮಾಡುವ ಕೈಗಳವು. ಆ ಕೈಗೆ ಉತ್ಸವದ ಮಳಿಗೆಯಷ್ಟೇ ಏಕೆ ಗತಿಯಾಗಬೇಕು? ಬಡಾವಣೆಯ ಅಂಗನವಾಡಿ ಬಾಗಿಲು, ಸಮುದಾಯ ಭವನದ ಗೋಡೆ ಅವರಿಗೆ ಸಿಗಲಿ.

ಅಮೆರಿಕದ ಫಿಲಡೆಲ್ಫಿಯಾ 1959ರಲ್ಲೇ ಪುನರಾಭಿವೃದ್ಧಿ ಜಮೀನಿನಲ್ಲಿ ಕಟ್ಟುವವರು ನಿರ್ಮಾಣ ವೆಚ್ಚದ ಶೇ. 1ರಷ್ಟನ್ನು ಕಲೆಗೆ ತೆಗೆದಿಡಬೇಕೆಂದು ನಿಯಮ ಮಾಡಿತು. ನಮ್ಮಲ್ಲಿ ಮೊದಲು ಹಣಕ್ಕಿಂತ ಜಾಗದ ನಿಯಮ ಬರಬೇಕು. ನಡುವಿನ ಒಳ್ಳೆಯ ನೆಲವೇ ಎಲ್ಲರದಾಗಲಿ.

ಹುಕ್ಕೇರಿಯ ಆದಿಲ್‌ಶಾಹಿ ಗುಮ್ಮಟಗಳನ್ನು ನೋಡಿ. ಗೋರಿಗೆ ನೆರಳು ಸಾಕೆಂದಿದ್ದರೆ ಒಂದು ಚಪ್ಪರ ಹಾಕಬಹುದಿತ್ತು. ಕಟ್ಟಿದವರು ಅಷ್ಟಕ್ಕೇ ನಿಲ್ಲಲಿಲ್ಲ. ಅದಕ್ಕೇ ಶತಮಾನಗಳು ಕಳೆದರೂ ಹುಕ್ಕೇರಿಯೆಂದೊಡನೆ ಆ ಗುಮ್ಮಟಗಳು ಕಣ್ಣಮುಂದೆ ಬರುತ್ತವೆ. ಕಲೆಯಿಂದ ಪ್ಲಾಟಿನ ದರ ಏರಬಹುದು, ಏರದೆಯೂ ಇರಬಹುದು. ಆ ಲೆಕ್ಕ ಮಾರುವವನಿಗಿರಲಿ. ಅಲ್ಲಿ ಹುಟ್ಟುವ ಮಗು ‘ನನ್ನೂರು’ ಎಂದು ಬೆರಳು ಮಾಡಿ ತೋರಿಸಲು ಏನಾದರೂ ಇರಬೇಕು. ಅದನ್ನು ಒದಗಿಸದ ನಕ್ಷೆಗೆ ಪುರಸಭೆ, ನಗರಸಭೆಗಳು ಮಂಜೂರಾತಿ ಕೊಡಬಾರದು.